ಯಾತಕ್ಕೆ ಬೇಕು ಈ ಮಚ್ಚು?

ಮಚ್ಚು ಮಾಡಿಸಲು ಹೋದವರನ್ನು ಹಳ್ಳಿಯ ಕಮ್ಮಾರ ಉದ್ದ ಎಷ್ಟು, ತೂಕ ಎಷ್ಟು ಎಂದು ಮೊದಲು ಕೇಳುವುದಿಲ್ಲ. ‘ಯಾತಕ್ಕೆ?’ ಎಂದು ಕೇಳುತ್ತಾನೆ. ತೆಂಗಿನಕಾಯಿ ಕೆತ್ತಲೋ, ಬೇಲಿಯ ಮುಳ್ಳು ಸವರಲೋ, ಬಿದಿರು ಸೀಳಲೋ, ಆಡಿಗೆ ಸೊಪ್ಪು ಕಡಿಯಲೋ? ಉತ್ತರ ಬದಲಾದರೆ ಅಲಗಿನ ಬಾಗು, ಬೆನ್ನಿನ ದಪ್ಪ, ಹಿಡಿಯ ಉದ್ದ ಎಲ್ಲ ಬದಲಾಗುತ್ತವೆ. ಈಗ ನಗರದ ಹುಡುಗರಲ್ಲಿ ತಮ್ಮ ಚಾಕುವನ್ನು ತಾವೇ ಮಾಡಿಕೊಳ್ಳುವ ಹವ್ಯಾಸ ಬೆಳೆಯುತ್ತಿದೆ. ಚಾರಣಕ್ಕೆ, ಕಾಡಿನಲ್ಲಿ ಬಿಡಾರ ಹೂಡುವುದಕ್ಕೆ ಬೇಕಾದ ಈ ಚಾಕುವಿಗೆ ‘ಬುಷ್‌ಕ್ರಾಫ್ಟ್ ಚಾಕು’ ಎಂಬ ಹೆಸರಿದೆ. ಅದರ ವಿನ್ಯಾಸ ಆರಿಸುವಾಗ ಹೆಚ್ಚಿನವರು ನೋಡುವುದು ಯೂರೋಪು, ಅಮೆರಿಕಗಳ ಚಿತ್ರಗಳನ್ನು. ಹನೂರು ತಾಲ್ಲೂಕಿನ ರಾಮಾಪುರದಂಥ ಕಾಡಂಚಿನ ಊರಿನಲ್ಲಿ ನಿಂತು ನೋಡಿದರೆ ಈ ಆಯ್ಕೆಯ ಹಿಂದೆ ಇನ್ನೂರು ವರ್ಷಗಳ ಚರಿತ್ರೆ ಕಾಣುತ್ತದೆ.

ಮೊದಲು ಆ ಹೊರಗಿನ ಚಾಕುವಿನ ವಿಷಯ. ‘ನೆಸ್ಮುಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರಲ್ಲಿ ‘ವುಡ್‌ಕ್ರಾಫ್ಟ್’ ಎಂಬ ಪುಸ್ತಕ ತಂದ. ಅವನು ಕಾಡಿಗೆ ಒಯ್ಯುತ್ತಿದ್ದದ್ದು ಒಂದು ಚಾಕುವನ್ನಲ್ಲ. ಎರಡು ಬಾಯಿಯ ಪುಟ್ಟ ಕೊಡಲಿ, ತೆಳು ಅಲಗಿನ ಚೂರಿ, ಮಡಚುವ ಚಾಕು ಹೀಗೆ ಮೂರನ್ನು. ನೂರು ವರ್ಷಗಳ ನಂತರ ಕೆನಡಾದ ಮೋರ್ಸ್ ಕೊಚಾನ್ಸ್ಕಿಯ ಬರಹಗಳಿಂದ, ಬ್ರಿಟನ್ನಿನ ರೇ ಮಿಯರ್ಸ್‌ನ ಟಿವಿ ಕಾರ್ಯಕ್ರಮಗಳಿಂದ ಒಂದೇ ಚಾಕು ಸಾಕು ಎಂಬ ಭಾವನೆ ಹರಡಿತು. ನಾಲ್ಕು ಇಂಚಿನ ಆಸುಪಾಸಿನ ನೇರ ಅಲಗು, ಸ್ವೀಡನ್, ಫಿನ್‌ಲೆಂಡುಗಳ ಚಾಕುಗಳಂತೆ ಎರಡೂ ಕಡೆ ಒಂದೊಂದೇ ಚಪ್ಪಟೆ ಇಳಿಜಾರು. ಬರ್ಚ್, ಪೈನ್‌ನಂಥ ಮೆತ್ತನೆಯ ಮರ ಕೆತ್ತಲು ಇದಕ್ಕಿಂತ ಒಳ್ಳೆಯ ಆಕಾರ ಸಿಗುವುದು ಕಷ್ಟ. ದೊಡ್ಡ ಕೆಲಸಕ್ಕೆ ಅವರ ಬಳಿ ಕೊಡಲಿ ಇದ್ದೇ ಇರುತ್ತದೆ. ಅಂದರೆ ಈ ಚಾಕು ಒಂದು ಜೋಡಿಯ ಅರ್ಧ ಭಾಗ. ನಮ್ಮಲ್ಲಿಗೆ ಬಂದದ್ದು ಆ ಅರ್ಧ ಮಾತ್ರ.

ರಾಮಾಪುರದ ಸುತ್ತಲಿನ ಕಾಡು ಬೇರೆಯೇ. ಒಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಸಾಲು, ಇನ್ನೊಂದು ಕಡೆ ಕಾವೇರಿಯತ್ತ ಇಳಿಯುವ ಒಣಕಾಡು. ಬಿದಿರು, ದಿಂಡಿಗ, ಕಗ್ಗಲಿ, ಜಾಲಿ, ನೆಲ್ಲಿ. ಬಿದಿರಿನ ಸಿಪ್ಪೆಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ತೆಳು ಅಲಗು ಬೇಗ ಮೊಂಡಾಗುತ್ತದೆ. ದಿಂಡಿಗ ಎಷ್ಟು ಗಟ್ಟಿಯೆಂದರೆ ಅದನ್ನು ಕೊಡಲಿಯ ಕಾವಿಗೇ ಬಳಸುತ್ತಾರೆ. ಮುಳ್ಳಿನ ಪೊದೆಗೆ ಕೈ ಹಾಕುವಂತಿಲ್ಲ. ಕೊಂಬೆಯನ್ನು ಅಲಗಿನ ತುದಿಯಿಂದಲೇ ಎಳೆದುಕೊಂಡು ಕಡಿಯಬೇಕು. ಮಚ್ಚಿನ ತುದಿ ಗಿಣಿಯ ಕೊಕ್ಕಿನಂತೆ ಒಳಕ್ಕೆ ಬಾಗಿರುವುದು ಈ ಕಾರಣಕ್ಕೆ. ಆ ಕೊಕ್ಕು ಎಳೆಯುತ್ತದೆ, ಜಾರದಂತೆ ಹಿಡಿಯುತ್ತದೆ, ಏಟು ತಪ್ಪಿ ಕಲ್ಲಿಗೆ ಬಿದ್ದಾಗ ಅಲಗಿನ ಬಾಯನ್ನು ಕಾಪಾಡುತ್ತದೆ. ಭಾರವೆಲ್ಲ ಮುಂದಿರುವುದರಿಂದ ತೋಳಿನ ಶ್ರಮ ಉಳಿಯುತ್ತದೆ. ಕೊಡಲಿ, ಕುಡ್ಲು, ಚಾಕು ಮೂರರ ಕೆಲಸವನ್ನೂ ಇದು ಒಂದಿಷ್ಟೊಂದಿಷ್ಟು ಮಾಡುತ್ತದೆ. ನೆಸ್ಮುಕ್ ಮೂರರಲ್ಲಿ ಹಂಚಿದ್ದನ್ನು ನಮ್ಮ ಕಮ್ಮಾರ ಒಂದರಲ್ಲಿ ಕೂಡಿಸಿದ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ಕೊಳ್ಳೇಗಾಲದ ದಾರಿಯಾಗಿ ಕಾವೇರಿಪುರದ ಕಡೆ ಘಟ್ಟ ಇಳಿದ. ಬೆಟ್ಟದ ಸೋಲಿಗರ ಬಗ್ಗೆಯೂ ಬರೆದ. ಬಿದಿರನ್ನು ಕಮಾನಿನಂತೆ ಬಗ್ಗಿಸಿ, ಎರಡೂ ತುದಿಗಳನ್ನು ನೆಲಕ್ಕೆ ನೆಟ್ಟು, ಮೇಲೆ ಬಾಳೆಲೆ ಹೊದಿಸಿದ ಗುಡಿಸಲುಗಳು ಅವನ ಕಣ್ಣಿಗೆ ಬಡತನದ ಗುರುತಾಗಿ ಕಂಡವು. ಕೈಕಸುಬು ಬಲ್ಲವರು ಅದನ್ನು ಬೇರೆ ರೀತಿಯಲ್ಲಿ ಓದಬಹುದು. ಹಸಿ ಬಿದಿರನ್ನು ಬುಡದಲ್ಲಿ ಕಡಿದು, ಗೆಣ್ಣು ಸವರಿ, ಸೀಳದಂತೆ ಬಗ್ಗಿಸುವುದು ಒಳ್ಳೆಯ ಅಲಗಿಲ್ಲದೆ, ಪಳಗಿದ ಕೈಯಿಲ್ಲದೆ ಆಗದು. ಮಾದಪ್ಪನ ಕಥೆಯಲ್ಲಿ ಬರುವ ಸೋಲಿಗರ ಸಂಕಮ್ಮನ ಗಂಡ ಕಾಡಿಗೆ ಹೋಗುವುದು ಜೇನಿಗೆ, ಬೇಟೆಗೆ. ಅಂಥ ಬದುಕಿನಲ್ಲಿ ಸೊಂಟದ ಅಲಗು ಅಲಂಕಾರಕ್ಕಲ್ಲ. ಮನೆ, ಊಟ, ದಾರಿ ಎಲ್ಲ ಅದರಿಂದಲೇ.

ಅದೇ ಬುಕಾನನ್ ಮಾಗಡಿ ಸೀಮೆಯಲ್ಲಿ ಉಕ್ಕು ಮಾಡುವುದನ್ನು ಕಂಡ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನೂ ದಾಖಲಿಸಿದ. ಸಣ್ಣ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ, ಒಂದಷ್ಟು ಎಲೆ ಹಾಕಿ, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುವ ವಿಧಾನವದು. ಕಡ್ಡಿಯ ಇದ್ದಿಲು ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ‘ವೂಟ್ಸ್’ ಎಂದು ಯೂರೋಪು ಕರೆದ ಈ ಲೋಹದ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂತೆಂದು ಹಲವರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಮಂಡಿಸಿದ. ಆದರೆ ಹಳ್ಳಿಯ ಮಚ್ಚು ಪೂರ್ತಿ ಉಕ್ಕಿನದಾಗಿರಬೇಕಿಲ್ಲ. ಉಕ್ಕು ದುಬಾರಿ, ಏಟಿಗೆ ಸಿಡಿಯುವ ಸ್ವಭಾವದ್ದು. ಮೈಗೆ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು ಕೂಡಿಸುವುದು ಕಮ್ಮಾರರ ಹಳೆಯ ಜಾಣತನ. ಏಟನ್ನು ಮೆದು ಮೈ ಕುಡಿಯುತ್ತದೆ, ಗಟ್ಟಿ ಬಾಯಿ ಕಡಿಯುತ್ತದೆ.

ಹೊರಗಿನ ಅಗ್ಗದ ಕಬ್ಬಿಣ ಬಂದು ಊರ ಮೂಸೆಗಳು ಆರಿದವು. ಕುಲುಮೆ ಮಾತ್ರ ಆರಲಿಲ್ಲ; ಅದಕ್ಕೆ ಲಾರಿಯ ಕಮಾನುಪಟ್ಟೆ ಸಿಕ್ಕಿತು. ಇಂದು ಹಳ್ಳಿಯ ಕಮ್ಮಾರನೂ ನಗರದ ಹವ್ಯಾಸಿಯೂ ಕೈ ಹಾಕುವುದು ಇದಕ್ಕೇ. ಇದರಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6ರಷ್ಟು. ಹಳೆಯ ಉಕ್ಕಿಗಿಂತ ಬಹಳ ಕಡಿಮೆ, ಹಾಗಾಗಿಯೇ ಏಟು ತಡೆಯುತ್ತದೆ. ಅಯಸ್ಕಾಂತ ಅಂಟದಷ್ಟು, ಅಂದರೆ 770 ಡಿಗ್ರಿ ದಾಟುವಷ್ಟು ಕಾಯಿಸಿ ಎಣ್ಣೆಗೆ ಅದ್ದಿದರೆ ಗಡುಸಾಗುತ್ತದೆ. ಆಮೇಲೆ ಮತ್ತೆ ಸಣ್ಣಗೆ ಕಾಯಿಸಿ ಆ ಗಡಸನ್ನು ಒಂದಿಷ್ಟು ಇಳಿಸಬೇಕು. ಉಜ್ಜಿದ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ನಂತರ ಕಂದು, ನಂತರ ನೀಲಿ ಏರುತ್ತದೆ. ಕೆತ್ತುವ ಚಾಕುವಾದರೆ ಹುಲ್ಲಿನ ಬಣ್ಣಕ್ಕೆ ನಿಲ್ಲಿಸುತ್ತಾರೆ, ಕಡಿಯುವ ಮಚ್ಚಾದರೆ ಇನ್ನಷ್ಟು ಬಿಡುತ್ತಾರೆ. ಇಲ್ಲಿಯೂ ಅದೇ ಪ್ರಶ್ನೆ: ಯಾತಕ್ಕೆ?

ಈ ಪ್ರಶ್ನೆಯ ಉತ್ತರವನ್ನು ಕಾಡೇ ಬದಲಿಸಿತು. ಬುಕಾನನ್‌ನ ಪುಸ್ತಕ 1807ರಲ್ಲಿ ಅಚ್ಚಾಯಿತು. ಅದೇ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಮೆರಿಕ ಖಂಡದಿಂದ ಹೂವಿನ ಗಿಡವೊಂದು ಬಂತು. ಅದೇ ಲಂಟಾನ. ಇವತ್ತು ಬಿಳಿಗಿರಿರಂಗನ ಬೆಟ್ಟ, ಮಾದೇಶ್ವರ ಬೆಟ್ಟಗಳ ಎಷ್ಟೋ ಭಾಗ ಅದರ ಪೊದೆಯಡಿ ಉಸಿರುಗಟ್ಟಿದೆ. ಹಿಂದೆ ತಾವು ಬೇಸಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹೀಗೆ ಹಬ್ಬಿತು ಎನ್ನುತ್ತಾರೆ ಸೋಲಿಗರು. ಬಿದಿರು ಕಡಿಯುತ್ತಿದ್ದ ಕೈ ಈಗ ಲಂಟಾನ ಕಡಿಯುತ್ತದೆ. ಮಾದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರು ಆ ಕಡ್ಡಿಗಳಲ್ಲಿ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಿದ್ದಾರೆ. ಹೊರಗಿನ ಗಿಡಕ್ಕೂ ಒಳಗಿನ ಮಚ್ಚಿನ ಕೊಕ್ಕು ಒಗ್ಗಿದೆ.

ಕಾನೂನು ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಕೊಡಗಿನಲ್ಲಿ ಬ್ರಿಟಿಷರು 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಒಡಿಕತ್ತಿ, ಪೀಚೆಕತ್ತಿಗಳು ಗೌರವದ ಗುರುತಾಗಿ ಉಳಿದವು. ಸೋಲಿಗರ ಮಚ್ಚಿಗೆ ಅಂಥ ಮರ್ಯಾದೆ ಸಿಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಆಯುಧ’ ಎಂಬ ಪದದ ವಿವರಣೆಯಲ್ಲಿ ಬಂದೂಕು, ಬಿಲ್ಲುಬಾಣ, ಬಲೆಗಳ ಜೊತೆ ಚಾಕುವೂ ಇದೆ. ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯಕ್ಕೆ ಕಾಲಿಡುವಂತಿಲ್ಲ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ, ಕಾವೇರಿ ವನ್ಯಧಾಮ 1987ರಲ್ಲಿ, ಮಲೆ ಮಹದೇಶ್ವರ 2013ರಲ್ಲಿ ಅಭಯಾರಣ್ಯಗಳಾದವು. ಮನೆಯ ಹಿತ್ತಲು ಎಲ್ಲಿ ಮುಗಿದು ಅಭಯಾರಣ್ಯ ಎಲ್ಲಿ ಶುರುವಾಗುತ್ತದೆ ಎಂಬುದು ಕಾಡಂಚಿನವರಿಗೆ ದಿನದಿನದ ಪ್ರಶ್ನೆಯಾಯಿತು.

ನಡುವೆ ವೀರಪ್ಪನ್ ಕಾಲ. 1992ರ ಮೇ ತಿಂಗಳಲ್ಲಿ ಅವನ ತಂಡ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಐವರು ಪೊಲೀಸರನ್ನು ಕೊಂದಿತು, ಬಂದೂಕುಗಳನ್ನು ಹೊತ್ತೊಯ್ದಿತು. 2004ರಲ್ಲಿ ಅವನು ಸಾಯುವವರೆಗೆ ಕಾಡಿನಲ್ಲಿ ಓಡಾಡುವವರೆಲ್ಲ ಎರಡೂ ಕಡೆಯ ಅನುಮಾನಕ್ಕೆ ಗುರಿಯಾದರು. ಕಾರ್ಯಾಚರಣೆಯಲ್ಲಿ ನಡೆದ ದೌರ್ಜನ್ಯದ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ಪರಿಶೀಲಿಸಿತು. ಸೌದೆಗೋ ಜೇನಿಗೋ ಹೊರಟವನ ಕೈಯಲ್ಲಿರುವುದು ಉಪಕರಣವೋ ಆಯುಧವೋ ಎಂಬುದನ್ನು ಅಂಥ ದಿನಗಳಲ್ಲಿ ತೀರ್ಮಾನಿಸುವುದು ನೋಡುವವರ ಕಣ್ಣು.

2006ರ ಅರಣ್ಯ ಹಕ್ಕು ಕಾಯ್ದೆ ಜೇನು, ನೆಲ್ಲಿ, ಪೊರಕೆಯ ಈಚಲಿನಂಥ ಕಿರು ಉತ್ಪನ್ನಗಳ ಮೇಲೆ ಕಾಡಿನ ಜನರ ಹಕ್ಕನ್ನು ಒಪ್ಪಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು. ಆದರೆ ಈಚಲು ಗರಿಯನ್ನು ಯಾರೂ ಬರಿಗೈಯಲ್ಲಿ ಕೊಯ್ಯುವುದಿಲ್ಲ. ಹಕ್ಕಿನ ಮಾತು ಬಂದಲ್ಲಿ ಅಲಗಿನ ಮಾತೂ ಬರಲೇಬೇಕು.

ಹಾಗಾದರೆ ಸ್ವಂತ ಚಾಕು ಮಾಡಿಕೊಳ್ಳುವವರು ಯಾವ ಆಕಾರ ಆರಿಸಬೇಕು? ಹಿತ್ತಲು, ತೋಟ, ಬಿದಿರು, ಲಂಟಾನಗಳೇ ಕೆಲಸವಾದರೆ ಕೊಕ್ಕಿನ ಮಚ್ಚು. ಅಲಗು ಏಳೆಂಟು ಇಂಚು, ಬೆನ್ನು ಐದಾರು ಮಿಲಿಮೀಟರು, ಬಾಯಿಯ ಇಳಿಜಾರು ತೀರಾ ತೆಳುವಲ್ಲದೆ ಕೊಂಚ ಉಬ್ಬು. ಚಮಚ ಕೆತ್ತುವುದು, ತರಕಾರಿ ಹೆಚ್ಚುವುದಷ್ಟೇ ಆದರೆ ನಾಲ್ಕು ಇಂಚಿನ ತೆಳು ಚಾಕು ಧಾರಾಳ. ಎರಡನ್ನೂ ಒಂದರಲ್ಲಿ ತುಂಬಲು ಹೋದರೆ ಎರಡಕ್ಕೂ ಆಗದ್ದು ಹುಟ್ಟುತ್ತದೆ. ಅಭಯಾರಣ್ಯದ ಗಡಿಯೊಳಗೆ ಮಾತ್ರ ಅನುಮತಿಯಿಲ್ಲದೆ ಎರಡನ್ನೂ ಒಯ್ಯುವಂತಿಲ್ಲ.

ಇನ್ನೊಂದು ಕಾನೂನಿನ ಮಾತೂ ಇದೆ. ಶಸ್ತ್ರಾಸ್ತ್ರ ಕಾಯ್ದೆಯಡಿ 1962ರಲ್ಲಿ ಬಂದ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿದವು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಅವುಗಳಿಗೆ ಪರವಾನಗಿ ಬೇಕು. ಆದರೆ ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಎಂದು ರೂಪಿಸಿದ್ದನ್ನು ಆ ಪಟ್ಟಿಯಿಂದ ಬಿಟ್ಟಿವೆ. ಅಳತೆಯ ಮಾತು ಮುಗಿದ ಮೇಲೆ ಕಾನೂನು ಪುಸ್ತಕವೂ ಕೊನೆಗೆ ಕೇಳುವುದು ಕಮ್ಮಾರ ಕೇಳುವುದನ್ನೇ. ಕಾಡಂಚಿನ ಮನುಷ್ಯ ತನ್ನ ಮಚ್ಚಿನ ಆಕಾರದಲ್ಲೇ ಆ ಪ್ರಶ್ನೆಗೆ ಉತ್ತರ ಹೇಳಿದ್ದಾನೆ. ಅದನ್ನು ಓದಲು ಕಲಿಯಬೇಕಾದವರು ಉಳಿದವರು.