ಅಡವಿಯೊಳಗಿನ ಕೊಲೆಗಾರ ಯಾವ ಊರಿನವ?

ಇವತ್ತಿನ ಕಂತು ಕಾಡಿನ ಕೊಲೆ ಸಿನಿಮಾಗಳ ಬಗ್ಗೆ. ನಿಮಗೆ ಗೊತ್ತಿರೋ ಕಥೆನೇ. ಪಟ್ಟಣದ ನಾಲ್ಕೈದು ಹುಡುಗ ಹುಡುಗಿಯರು ಗಾಡಿ ಹತ್ತಿ ಯಾವುದೋ ಮೂಲೆಯ ಊರಿಗೆ ಹೋಗ್ತಾರೆ, ಮೊಬೈಲ್ ಸಿಗ್ನಲ್ ಹೋಗುತ್ತೆ, ಆಮೇಲೆ ಒಬ್ಬೊಬ್ಬರಾಗಿ ಸಾಯ್ತಾರೆ. ಇಂಥದ್ದಕ್ಕೆ ಸ್ಲ್ಯಾಷರ್ ಅಂತ ಹೆಸರು. ಕೊಲ್ಲುವವನು ಯಾರು, ಹೇಗೆ ಕೊಲ್ತಾನೆ ಅನ್ನೋದಲ್ಲ ನನ್ನ ಪ್ರಶ್ನೆ. ಅವನು ಯಾವ ಊರಿನವ ಅನ್ನೋದು.

ಮೊದಲು ಒಂದು ಶಬ್ದ ಬಿಡಿಸಿಕೊಳ್ಳೋಣ. ನಮ್ಮ ವಳಕಮದಿನ್ನಿ ಕಡೆ ಯಾರದಾದ್ರೂ ಮನೆ ಮುಂದೆ ನಿಂತು 'ಅಪ್ಪ ಎಲ್ಲ್ಯಾನ' ಅಂತ ಕೇಳಿದರೆ 'ಅಡವಿಗೆ ಹೋಗ್ಯಾನ' ಅಂತ ಉತ್ತರ ಬರುತ್ತದೆ. ಬೆಂಗಳೂರಿನವರು ಕೇಳಿದರೆ ಗಾಬರಿ ಬೀಳಬೇಕು. ಆದರೆ ಅಪ್ಪ ಹೋಗಿರೋದು ಹೊಲಕ್ಕೆ. ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ಅಡವಿ ಅಂದ್ರ ಊರಾಚೆಯ ನೆಲ, ದುಡಿಯೋ ಜಾಗ. ಎರೆ ಹೊಲ, ಜಾಲಿ ಕಂಟಿ, ಕಲ್ಲುಗುಡ್ಡ, ಕಾಲುವೆ ನೀರು ಬಂದ ಕಡೆ ಭತ್ತ. ಇದರಾಗೆ ಹೆದರೋದಕ್ಕೆ ಹಾವು, ಚೇಳು ಬಿಟ್ಟರೆ ಮತ್ತೇನಿಲ್ಲ. ಅದಕ್ಕೇ ನಮ್ಮ ಕಡೆಯ ಪ್ರೇಕ್ಷಕ ಕಾಡಿನ ಹಾರರ್ ಸಿನಿಮಾ ನೋಡಿ ಹೇಳೋ ಅಭಿಪ್ರಾಯ ಸ್ವಲ್ಪ ಬೇರೆ ಇರುತ್ತೆ.

2013ರ ನವೆಂಬರ್‌ನಲ್ಲಿ '6-5=2' ಬಂತು. ನಿರ್ದೇಶಕರು ಕೆ.ಎಸ್. ಅಶೋಕ. (ಮಸ್ಕಿ ಶಾಸನದ ಅಶೋಕನಿಗೂ ಇವರಿಗೂ ಸಂಬಂಧ ಇಲ್ಲ. ಆ ಅಶೋಕನ ಮಾತು ಮುಂದೆ ಬರುತ್ತೆ.) ಆರು ಜನ ಗೆಳೆಯರು ಪಶ್ಚಿಮ ಘಟ್ಟಕ್ಕೆ ಟ್ರೆಕ್ಕಿಂಗ್ ಹೋಗ್ತಾರೆ. ಅವರಿಗೆ ಏನಾಯ್ತು ಅನ್ನೋದು ಅವರದೇ ಕ್ಯಾಮೆರಾದಲ್ಲಿ ದಾಖಲಾಗಿದೆ, ಕಾಡಿನಲ್ಲಿ ಸಿಕ್ಕ ಆ ದೃಶ್ಯಗಳನ್ನೇ ನಿಮಗೆ ತೋರಿಸ್ತಿದ್ದೇವೆ ಅನ್ನೋ ನಾಟಕದಲ್ಲಿ ಇಡೀ ಸಿನಿಮಾ ನಡೆಯುತ್ತದೆ. ಸ್ಟಾರ್ ಇಲ್ಲ, ಹಾಡು ಇಲ್ಲ, ಫೈಟು ಇಲ್ಲ. ಸಣ್ಣ ಬಂಡವಾಳದ ಸಿನಿಮಾ ಗೆದ್ದೇಬಿಟ್ಟಿತು. ಮರುವರ್ಷ, 2014ರಲ್ಲಿ, ಅದೇ ಹೆಸರಲ್ಲಿ ಹಿಂದಿಗೂ ಹೋಯಿತು.

ಥಿಯೇಟರಿನಿಂದ ಹೊರಗೆ ಬಂದವರ ಜಗಳ ಒಂದೇ. ನಿಜಾನಾ, ಸುಳ್ಳಾ? ಕೆಲವರು ನಡೆದದ್ದೇ ಅಂತ ಆಣೆ ಮಾಡಿ ಹೇಳೋರು. ಇನ್ನು ಕೆಲವರು ಕ್ಯಾಮೆರಾ ಅಲ್ಲಾಡಿ ಅಲ್ಲಾಡಿ ತಲೆನೋವು ಬಂತು, ಮೊದಲರ್ಧದಲ್ಲಿ ಏನೂ ಆಗೋದೇ ಇಲ್ಲ ಅಂತ ಬೈಯೋರು. ಹೆದರಿದವರೂ ಬೈದವರೂ ಇಬ್ಬರೂ ಮುಟ್ಟದ ಒಂದು ಮಾತನ್ನ ನಮ್ಮ ಕಡೆಯ ಹಿರಿಯರು ಕೇಳಿಬಿಡ್ತಾರೆ. 'ಅಲ್ಲೋ, ದನ ತಪ್ಪಿಸಿಕೊಂಡಿಲ್ಲ, ಕಟ್ಟಿಗಿ ಬೇಕಾಗಿಲ್ಲ, ದೇವರ ಹರಕಿ ಇಲ್ಲ. ಇವರು ಅಲ್ಲಿಗೆ ಯಾಕ ಹೋದ್ರು?' ದೆವ್ವವನ್ನು ನಂಬ್ತಾರೆ, ಟ್ರೆಕ್ಕಿಂಗನ್ನು ನಂಬಲ್ಲ. ನನಗೆ ಇದು ತಮಾಷೆ ಅನ್ನಿಸಲ್ಲ. ಈ ಜಾತಿಯ ಸಿನಿಮಾದ ಬೇರು ಇಲ್ಲೇ ಇದೆ. ಕೆಲಸಕ್ಕಲ್ಲದೆ ನೋಡೋದಕ್ಕೆ ಅಂತ ಹೋಗುವವರ ಕಣ್ಣಿಗೆ ಮಾತ್ರ ಆ ಜಾಗ ಭಯಂಕರ. ಅಲ್ಲೇ ಹುಟ್ಟಿ ಬೆಳೆದವನಿಗೆ ಅದು ಮನೆ ಹಿತ್ತಲು.

'ನಿಜ ಘಟನೆ' ಅನ್ನೋ ಬೋರ್ಡು ಕನ್ನಡದವರು ಕಂಡುಹಿಡಿದದ್ದೇನಲ್ಲ. ಅಮೆರಿಕದಲ್ಲಿ 1999ರಲ್ಲಿ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಬಂದಾಗ ಅದರಲ್ಲಿ ನಟಿಸಿದ ಮೂವರೂ ಕಾಣೆಯಾಗಿದ್ದಾರೆ ಅಂತ ಪೋಸ್ಟರ್ ಹಚ್ಚಿದ್ದರು, ಒಂದು ವೆಬ್‌ಸೈಟ್ ಕೂಡ ಮಾಡಿದ್ದರು. ಇಂಟರ್ನೆಟ್ ಆಗಿನ್ನೂ ಹೊಸದು, ಜನ ನಂಬಿದರು. ಅದಕ್ಕೂ ಇಪ್ಪತ್ತೈದು ವರ್ಷ ಮೊದಲು, 1974ರಲ್ಲಿ, ಟೋಬ್ ಹೂಪರ್ 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ತೆಗೆದ. ಹಳ್ಳಿಗಾಡಿನ ಸ್ಲ್ಯಾಷರ್‌ಗೆ ಇವತ್ತಿಗೂ ಅದೇ ಅಜ್ಜ. ಶುರುವಿನಲ್ಲೇ ಇದು ನಡೆದ ಕಥೆ ಅಂತ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕೆ ಎಳೆ ಕೊಟ್ಟವನು ಎಡ್ ಗೀನ್ ಅನ್ನೋ ಮನುಷ್ಯ. 1957ರಲ್ಲಿ ಪೊಲೀಸರು ಅವನನ್ನು ಹಿಡಿದದ್ದು ವಿಸ್ಕಾನ್ಸಿನ್ ರಾಜ್ಯದಲ್ಲಿ. ಟೆಕ್ಸಾಸ್ ಎಲ್ಲಿ, ವಿಸ್ಕಾನ್ಸಿನ್ ಎಲ್ಲಿ! ಒಂದು ರಾಜ್ಯದವ ಮಾಡಿದ್ದು ಇನ್ನೊಂದು ರಾಜ್ಯದ ಹಳ್ಳಿಗಳ ಹೆಸರಿಗೆ ಅಂಟಿಕೊಂಡಿತು.

ಆ ಸಿನಿಮಾದಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಕೊಲ್ಲುವ ಕುಟುಂಬ ಕಸಾಯಿಖಾನೆಯಲ್ಲಿ ದುಡಿದ ಕುಟುಂಬ. ದನ ಕೊಲ್ಲೋದಕ್ಕೆ ಹೊಸ ಯಂತ್ರ ಬಂದು ಸುತ್ತಿಗೆ ಹಿಡಿಯುವವರ ಕೆಲಸ ಹೋಗಿದೆ. ಕೆಲಸ ಕಳಕೊಂಡ ಹಳ್ಳಿಗ ರಾಕ್ಷಸ ಆಗ್ತಾನೆ, ಪಟ್ಟಣದಿಂದ ಬಂದ ಮಕ್ಕಳು ಅವನ ಕೈಗೆ ಸಿಗ್ತಾರೆ. ನೋಡುವವರು ಯಾರ ಪಕ್ಕ ಕೂತಿರ್ತಾರೆ? ವ್ಯಾನಿನಲ್ಲಿ ಬಂದವರ ಪಕ್ಕ. ಕ್ಯಾಮೆರಾ ಯಾವತ್ತೂ ವ್ಯಾನಿನಲ್ಲೇ ಬರುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಲಿಂಗಸುಗೂರು ದಾಟಿ ಕೃಷ್ಣಾ ನದಿಯ ಆಚೆ ಹೋದರೆ ಸುರಪುರ. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅನ್ನೋ ಬಂಗಲೆ ಇದೆ. ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡವನು. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಅಂತ ಕರೀತಿದ್ದ. ಶಾಲೆಯಲ್ಲಿ 1858ರ ಸುರಪುರ ಬಂಡಾಯದ ಪಾಠ ಓದಿದವರಿಗೆ ವೆಂಕಟಪ್ಪ ನಾಯಕ ಗೊತ್ತೇ ಇದ್ದಾರೆ.

ಆದರೆ ಟೇಲರ್ ಸುರಪುರಕ್ಕೆ ಬರುವ ಮೊದಲೇ ಲಂಡನ್ನಿನಲ್ಲಿ ಹೆಸರು ಮಾಡಿದ್ದ. 1839ರಲ್ಲಿ ಅವನ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್' ಅಚ್ಚಾಯಿತು. ಅಮೀರ್ ಅಲಿ ಅನ್ನೋ ಕೊಲೆಗಾರ ತನ್ನ ಬಾಯಿಂದಲೇ ಹೇಳುವ ಕಥೆ. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ನಿರ್ಜನ ತೋಪು ಸಿಕ್ಕಾಗ ಕರವಸ್ತ್ರದಿಂದ ಕುತ್ತಿಗೆ ಬಿಗಿದು, ಹೆಣ ಹೂತು ಮುಂದೆ ಸಾಗೋದು. ಇಂಗ್ಲೆಂಡಿನ ಓದುಗರು ಮುಗಿಬಿದ್ದು ಓದಿದರು. ವಿಕ್ಟೋರಿಯಾ ರಾಣಿಗೂ ಅದರ ಮೇಲೆ ಆಸಕ್ತಿ ಇತ್ತು. ನನ್ನ ಪ್ರಕಾರ ಇದು ಆ ಕಾಲದ ಸ್ಲ್ಯಾಷರ್. ಎಲ್ಲ ಅಂಶಗಳೂ ಇವೆ. ದೂರದ ದೇಶ, ಜನ ಇಲ್ಲದ ದಾರಿ, ನಗುನಗುತ್ತಾ ಮಾತಾಡಿಸುವ ಊರಿನವ, ಜೊತೆಗೆ ಇದು ನಡೆದದ್ದು ಅನ್ನೋ ಮುದ್ರೆ. ಟೇಲರ್ ನಿಜಾಮನ ಸೇವೆಯಲ್ಲಿದ್ದಾಗ ಇಂಥ ಕೈದಿಗಳ ಹೇಳಿಕೆ ಕೇಳಿದ್ದವನು, ಪೂರ್ತಿ ಕಟ್ಟುಕಥೆ ಅಲ್ಲ. ಆದರೆ ಥಗ್ಗರ ಬಗ್ಗೆ ಬ್ರಿಟಿಷರು ಬರೆದದ್ದರಲ್ಲಿ ಎಷ್ಟು ಉಬ್ಬಿಸಿದ್ದು, ಎಷ್ಟು ನಿಜ ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡ್ತಾರೆ. ಯಾಕಂದ್ರೆ ಸಾಕ್ಷಿ ಬಹುಪಾಲು ಮಾಫಿ ಸಾಕ್ಷಿಗಳದ್ದು. ತನ್ನ ಜೀವ ಉಳಿಸಿಕೊಳ್ಳೋದಕ್ಕೆ ಇನ್ನೊಬ್ಬನ ಹೆಸರು ಹೇಳಿದವರದ್ದು.

ಕಥೆ ಪುಸ್ತಕದಲ್ಲೇ ನಿಂತಿದ್ದರೆ ಚಿಂತೆ ಇರಲಿಲ್ಲ. 1836ರ ಕಾಯಿದೆಯ ಪ್ರಕಾರ ಒಬ್ಬ ಇಂಥ ಕೊಲೆ ಮಾಡಿದ ಅಂತ ಸಾಬೀತು ಮಾಡಬೇಕಾಗಿರಲಿಲ್ಲ, ಥಗ್ಗರ ಗುಂಪಿಗೆ ಸೇರಿದವ ಅಂತಾದರೆ ಸಾಕು, ಜೀವಾವಧಿ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂತು. ಈಗ ಗುಂಪು ಕೂಡ ಬೇಕಾಗಿಲ್ಲ, ಆ ಜಾತಿಯಲ್ಲಿ ಹುಟ್ಟಿದರೆ ಸಾಕು. ಪೊಲೀಸರ ಮುಂದೆ ಹೆಸರು ಬರೆಸಬೇಕು, ಹಾಜರಿ ಹಾಕಬೇಕು, ಕೇಳದೆ ಊರು ಬಿಡಂಗಿಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರಲ್ಲಿ, ಆ ಕಾಯಿದೆ ರದ್ದಾಯಿತು. ಹಣೆಪಟ್ಟಿ ಮಾತ್ರ ರದ್ದಾಗಲಿಲ್ಲ.

ಇದನ್ನೆಲ್ಲ ಬ್ರಿಟಿಷರ ತಲೆಗೇ ಕಟ್ಟೋದೂ ಸರಿ ಅಲ್ಲ. ನಮ್ಮ ಮಸ್ಕಿಯ ಬಂಡೆ ಮೇಲೆ ಅಶೋಕ ಅನ್ನೋ ಹೆಸರು 1915ರಲ್ಲಿ ಕಣ್ಣಿಗೆ ಬಿದ್ದದ್ದು ಎಲ್ಲರಿಗೂ ಗೊತ್ತು. ಅದೇ ಅಶೋಕನ ಹದಿಮೂರನೇ ಬಂಡೆಗಲ್ಲು ಶಾಸನ, ಕಳಿಂಗ ಯುದ್ಧದ ಪಶ್ಚಾತ್ತಾಪದ್ದು, ಕರ್ನೂಲು ಕಡೆಯ ಎರ್ರಗುಡಿಯಲ್ಲೂ ಇದೆ. ಅಷ್ಟೆಲ್ಲ ಪಶ್ಚಾತ್ತಾಪ ಪಟ್ಟ ರಾಜ ಅದೇ ಶಾಸನದಲ್ಲಿ ಅಟವಿಯ ಜನರಿಗೆ ಮಾತ್ರ ಎಚ್ಚರಿಕೆ ಕೊಡ್ತಾನೆ. ನನಗೆ ಪಶ್ಚಾತ್ತಾಪ ಆಗಿದೆ ಅಂತ ಸದರ ತಗೋಬೇಡಿ, ಶಿಕ್ಷಿಸುವ ಶಕ್ತಿ ಇನ್ನೂ ಇದೆ ಅನ್ನೋ ಅರ್ಥದಲ್ಲಿ. ಅಟವಿ ಅಂದ್ರೆ ನಮ್ಮ ಅಡವಿನೇ. ಅಡವಿಯವರಿಗೆ ಹೆದರೋದು ರಾಜ್ಯಗಳ ಹಳೆಯ ಚಾಳಿ.

ಕನ್ನಡ ಸಿನಿಮಾ ಬಹಳ ದಿನ ಈ ದಾರಿಗೆ ಬರಲಿಲ್ಲ. 1979ರ 'ನಾ ನಿನ್ನ ಬಿಡಲಾರೆ' ನೆನಪಿಸಿಕೊಳ್ಳಿ. ಅನಂತನಾಗ್ ಮೈಮೇಲೆ ದೆವ್ವ ಬರುತ್ತದೆ, ಲಕ್ಷ್ಮಿ ಪರದಾಡ್ತಾಳೆ, ಕಥೆ ಮಂತ್ರಾಲಯದ ರಾಯರ ಕಡೆಗೆ ತಿರುಗುತ್ತದೆ. ರಾಯಚೂರಿನವರಿಗೆ ಮಂತ್ರಾಲಯ ಅಂದ್ರ ಹೊಳೆ ದಾಟಿದರೆ ಆಯ್ತು. ರೋಗ ಇತ್ತು, ಮದ್ದೂ ಇತ್ತು, ಮದ್ದು ನಮ್ಮ ಪಕ್ಕದಲ್ಲೇ ಇತ್ತು. 1993ರಲ್ಲಿ ಉಪೇಂದ್ರ 'ಶ್!' ತೆಗೆದಾಗ ಸಿನಿಮಾ ತಂಡದ ಸುತ್ತಲೇ ಕೊಲೆಗಳು ನಡೆದವು. ದೆವ್ವವೋ ಮನುಷ್ಯನೋ ಅಂತ ಸೀಟಿನ ತುದಿಗೆ ಕೂರಿಸಿದ ಸಿನಿಮಾ ಅದು. ಈ ಎರಡರಲ್ಲೂ ಯಾವ ಊರಿನ ಮಾನವೂ ಹೋಗಲಿಲ್ಲ.

2012ರಲ್ಲಿ 'ದಂಡುಪಾಳ್ಯ' ಬಂತು. ಶ್ರೀನಿವಾಸ ರಾಜು ನಿರ್ದೇಶನ, ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ, ಪಿ. ರವಿಶಂಕರ್. 1990ರ ದಶಕದಲ್ಲಿ ಮನೆಗಳಿಗೆ ನುಗ್ಗಿ ಕೊಂದು ದೋಚಿದ ಗ್ಯಾಂಗಿನ ಕಥೆ. ನೀರು ಕೇಳೋ ನೆಪದಲ್ಲಿ ಬಾಗಿಲಿಗೆ ಬರುವ ಹೆಂಗಸು, ಅವಳ ಹಿಂದೆ ಉಳಿದವರು. ಜೋರು ಓಡಿತು, ತೆಲುಗಿಗೂ ಹೋಗಿ ಅಲ್ಲೂ ಓಡಿತು. ಅಭಿಪ್ರಾಯಗಳು ಎರಡು ದಡದಲ್ಲಿ ನಿಂತವು. ಇಷ್ಟು ಹಸಿಯಾಗಿ ತೋರಿಸಿದ್ದೇ ಧೈರ್ಯ ಅಂದವರು ಒಂದು ಕಡೆ, ಹಿಂಸೆಯನ್ನೇ ಮಾರಿಕೊಂಡರು ಅಂದವರು ಇನ್ನೊಂದು ಕಡೆ. ಪೂಜಾ ಗಾಂಧಿ ಬೆನ್ನು ತೋರಿಸಿದ ದೃಶ್ಯಕ್ಕೆ ಪ್ರತಿಭಟನೆಯೂ ನಡೆಯಿತು. ಕತ್ತು ಕೊಯ್ಯೋದಕ್ಕಿಂತ ಬೆನ್ನಿಗೆ ಹೆಚ್ಚು ಗಲಾಟೆ ಆದದ್ದು ನಮ್ಮ ಸಮಾಜದ ಬಗ್ಗೆ ಏನೋ ಹೇಳುತ್ತದೆ, ಇರಲಿ.

ನನಗೆ ಚುಚ್ಚುವುದು ಆ ಶೀರ್ಷಿಕೆ. ಅಪರಾಧ ನಡೆದದ್ದು ಹೌದು, ನ್ಯಾಯಾಲಯಗಳು ಶಿಕ್ಷೆ ಕೊಟ್ಟದ್ದೂ ಹೌದು. ಆದರೆ ಸಿನಿಮಾದ ಹೆಸರು ಗ್ಯಾಂಗಿನ ಮುಖಂಡನದ್ದಲ್ಲ, ಊರಿನದ್ದು. ಆ ಊರಿನಲ್ಲಿ ಹಾಲು ಕರೆಯುವವರು, ಶಾಲೆಗೆ ಹೋಗುವವರು, ಬೆಂಗಳೂರಿಗೆ ಕೆಲಸ ಕೇಳ್ಕೊಂಡು ಬರುವವರು ಇದ್ದಾರೆ. ಅರ್ಜಿ ಫಾರ್ಮಿನಲ್ಲಿ ಸ್ವಂತ ಊರು ಅಂತ ಒಂದು ಕಾಲಂ ಇರುತ್ತೆ. ಆ ಕಾಲಂನಲ್ಲಿ ದಂಡುಪಾಳ್ಯ ಅಂತ ಬರೆಯೋ ಹುಡುಗನ ಕೈ ಒಂದು ಕ್ಷಣ ನಿಲ್ಲೋದಿಲ್ಲವೇ? ಸಿಂಧನೂರು ಬಸ್ ಹತ್ತಿ ಪಟ್ಟಣಕ್ಕೆ ಹೋಗಿ ರೂಮ್ ಬಾಡಿಗೆಗೆ ಕೇಳಿದವರಿಗೆ 'ಯಾವ ಊರು' ಅನ್ನೋ ಪ್ರಶ್ನೆಯ ತೂಕ ಗೊತ್ತು. ನಮ್ಮ ಊರಿನ ಹೆಸರು ಯಾರಿಗೂ ಗೊತ್ತಿಲ್ಲದಿರೋದೇ ಅಲ್ಲಿ ನಮ್ಮ ಪುಣ್ಯ.

2017ರಲ್ಲಿ ಅದೇ ನಿರ್ದೇಶಕರ ಎರಡನೇ ಭಾಗ ಬಂದಾಗ ನೋಡುಗರು ಕಕ್ಕಾಬಿಕ್ಕಿ. ಈ ಸಲ ಕ್ಯಾಮೆರಾ ಪೊಲೀಸ್ ಕಸ್ಟಡಿಯ ಏಟುಗಳ ಕಡೆ ತಿರುಗಿತ್ತು, ಪತ್ರಕರ್ತೆಯೊಬ್ಬಳು ಇವರೇ ಮಾಡಿದ್ದಾ ಅಂತ ಪ್ರಶ್ನೆ ಎತ್ತಿದ್ದಳು. ಮೊದಲ ಭಾಗಕ್ಕೆ ಶಿಳ್ಳೆ ಹೊಡೆದವರೇ ಎರಡನೆಯದಕ್ಕೆ 'ಹಾಗಾದರೆ ಅವತ್ತು ತೋರಿಸಿದ್ದು ಏನು?' ಅಂತ ಕೇಳಿದರು. ಮೂರು ಭಾಗಗಳಲ್ಲಿ ನನಗೆ ಹಿಡಿಸಿದ್ದು ಆ ಪ್ರಶ್ನೆ ಮಾತ್ರ, ಅದನ್ನ ಕೇಳಿದ್ದು ಸಿನಿಮಾಕ್ಕಿಂತ ಹೆಚ್ಚಾಗಿ ಪ್ರೇಕ್ಷಕರು.

ಇದಕ್ಕೆ ಬೇರೆ ದಾರಿ ಇಲ್ಲವೇ ಅಂದರೆ, ಇದೆ. 2015ರ ಜುಲೈನಲ್ಲಿ ಅನೂಪ್ ಭಂಡಾರಿ ಅವರ 'ರಂಗಿತರಂಗ' ಬಂತು. ಕಾಡಿನ ಅಂಚಿನ ಊರು, ಗರ್ಭಿಣಿಯರ ಕೊಲೆಗಳು, ಗುಡ್ಡದ ಭೂತದ ನೆರಳು. ಒಂದು ವಾರ ಆಗೋದರೊಳಗೆ 'ಬಾಹುಬಲಿ' ಬಂದು ಮಲ್ಟಿಪ್ಲೆಕ್ಸ್‌ಗಳಲ್ಲಿ ಇದರ ಶೋ ಎತ್ತಿದಾಗ ನೋಡಿದವರೇ ಫೇಸ್‌ಬುಕ್, ಟ್ವಿಟರ್‌ನಲ್ಲಿ ಜಗಳಕ್ಕೆ ನಿಂತು ಸಿನಿಮಾ ಉಳಿಸಿಕೊಂಡರು. ಕರಾವಳಿಯವರಿಗೆ ಭೂತ ಅಂದ್ರೆ ದೈವ, ನೇಮ ಕೊಟ್ಟು ನಂಬುವಂಥದ್ದು, ಹೆದರಿ ಓಡುವಂಥದ್ದಲ್ಲ. ನೋಡಿ ಗೊತ್ತಿರೋರಿಗೆ ಸಿನಿಮಾ ಆ ವ್ಯತ್ಯಾಸವನ್ನ ಹೇಗೆ ಬಳಸಿಕೊಂಡಿದೆ ಅಂತ ಗೊತ್ತು, ನೋಡದವರಿಗೆ ನಾನು ಕೊಲೆಗಾರನ ಹೆಸರು ಹೇಳಲ್ಲ.

ಆ ಊರಿನ ಹೆಸರು ಕಮರೊಟ್ಟು. ಬರೆದವರು ಕಥೆಗಾಗಿ ಕಟ್ಟಿದ ಊರು. ಅದೇ ನಿರ್ದೇಶಕರು 2022ರಲ್ಲಿ ಸುದೀಪ್ ಜೊತೆ 'ವಿಕ್ರಾಂತ್ ರೋಣ' ಮಾಡಿದಾಗಲೂ ಕೊಲೆಗಳು ನಡೆದದ್ದು ಕಮರೊಟ್ಟುವಿನಲ್ಲೇ, ಮಳೆ ಸುರಿಯೋ ಕತ್ತಲ ಕಾಡಿನಲ್ಲಿ. ಆ ಕಾಡಿನ ಬಹುಪಾಲು ದೃಶ್ಯ ತೆಗೆದದ್ದು ಕೊರೊನಾ ಕಾಲದಲ್ಲಿ, ಅನ್ನಪೂರ್ಣ ಸ್ಟುಡಿಯೊದ ಒಳಗೆ ಹಾಕಿದ ಸೆಟ್ಟಿನಲ್ಲಿ. ಅಂದ್ರೆ ನಮ್ಮ ಕಡೆಯ ಹುಡುಗರು ಸೆಂಟ್ರಿಂಗ್ ಕೆಲಸಕ್ಕೆ ಹೋಗ್ತಾರಲ್ಲ, ಅದೇ ಹೈದರಾಬಾದಿನಾಗ.