ಅಕ್ಷರ ಸರಣಿಯ ಅಳತೆಗೋಲು ಯಾರದು?

ಬಿ3, ಡಿ6, ಜಿ12, ಕೆ24. ಮುಂದೇನು? ಬ್ಯಾಂಕು, ರೈಲ್ವೆ ಪರೀಕ್ಷೆಗಳಿಗೆ ಓದಿದವರಿಗೆ ಇಂಥ ಪ್ರಶ್ನೆ ಹಳೆಯ ಪರಿಚಯ. ಅಕ್ಷರವನ್ನೂ ಅಂಕಿಯನ್ನೂ ಎರಡು ಎಳೆಗಳಾಗಿ ಬಿಡಿಸಿಕೊಂಡರೆ ಗಂಟು ಸಡಿಲವಾಗುತ್ತದೆ. ಅಂಕಿ ಪ್ರತಿ ಸಲ ಇಮ್ಮಡಿಯಾಗುತ್ತಿದೆ, ಹಾಗಾಗಿ 48. ಅಕ್ಷರಗಳ ಸ್ಥಾನ 2, 4, 7, 11. ಅಂತರ 2, 3, 4. ಮುಂದಿನ ಅಂತರ 5 ಆದರೆ ಸ್ಥಾನ 16. ಉತ್ತರ ಪಿ48.

ಆದರೆ ಈ ಎರಡು ಎಳೆಗಳು ಒಂದೇ ಜಾತಿಯವಲ್ಲ. ಮೂರರ ಇಮ್ಮಡಿ ಯಾವ ಭಾಷೆಯಲ್ಲಿ ಎಣಿಸಿದರೂ ಆರೇ. ಕೆ ಹನ್ನೊಂದನೆಯ ಅಕ್ಷರ ಎಂಬುದು ಮಾತ್ರ ಇಂಗ್ಲಿಷ್ ಅಕ್ಷರಮಾಲೆಯನ್ನು ಬಾಯಿಪಾಠ ಮಾಡಿದವರಿಗಷ್ಟೇ ಗೊತ್ತು. ತರ್ಕವನ್ನು ಅಳೆಯುತ್ತೇವೆ ಎನ್ನುವ ಪರೀಕ್ಷೆಯೊಳಗೆ ಈ ಬಾಯಿಪಾಠ ಸೇರಿಕೊಂಡಿದ್ದಕ್ಕೆ ಒಂದು ಚರಿತ್ರೆಯಿದೆ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ರಾಬರ್ಟ್ ಯರ್ಕ್ಸ್ ಮುಂದಾಳತ್ವದ ಮನಶ್ಶಾಸ್ತ್ರಜ್ಞರು ಸೈನಿಕರಿಗಾಗಿ ಎರಡು ಪರೀಕ್ಷೆ ಸಿದ್ಧಪಡಿಸಿದರು. ಇಂಗ್ಲಿಷ್ ಓದಬಲ್ಲವರಿಗೆ ಆಲ್ಫಾ, ಉಳಿದವರಿಗೆ ಬೀಟಾ. ಆಲ್ಫಾದಲ್ಲಿ ಸಂಖ್ಯಾ ಸರಣಿಯಿತ್ತು. ಬೀಟಾದಲ್ಲಿ ಅದರ ಬದಲು ಸೊನ್ನೆ ಮತ್ತು ಗುಣಿಸು ಗುರುತುಗಳ ಸಾಲನ್ನು ಮುಂದುವರಿಸಬೇಕಿತ್ತು. ಸುಮಾರು 17 ಲಕ್ಷ ಮಂದಿ ಈ ಪರೀಕ್ಷೆಗಳನ್ನು ಎದುರಿಸಿದರು. ಓದು ಬಾರದವರಿಗೆಂದೇ ಮಾಡಿದ ಬೀಟಾದಲ್ಲೂ ಉತ್ತರ ಪೆನ್ಸಿಲಿನಲ್ಲೇ ಮೂಡಬೇಕಿತ್ತು. ಕಾರ್ಲ್ ಬ್ರಿಗಮ್ ಎಂಬ ಮನಶ್ಶಾಸ್ತ್ರಜ್ಞ ಇದೇ ಅಂಕಗಳನ್ನು ಹಿಡಿದು 1923ರಲ್ಲಿ ಪುಸ್ತಕ ಬರೆದು, ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದ ವಲಸಿಗರ ಬುದ್ಧಿಮಟ್ಟ ಕಡಿಮೆ ಎಂದು ಸಾರಿದ. 1930ರಲ್ಲಿ ಅವನೇ ಆ ತೀರ್ಮಾನಕ್ಕೆ ಬುಡವಿಲ್ಲವೆಂದು ಹಿಂತೆಗೆದುಕೊಂಡ. ಅಷ್ಟರಲ್ಲಿ ವಲಸೆಯನ್ನು ಬಿಗಿಗೊಳಿಸಿದ 1924ರ ಕಾನೂನು ಜಾರಿಗೆ ಬಂದಾಗಿತ್ತು.

ಅಕ್ಷರ ಸರಣಿಗೆ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದು ಷಿಕಾಗೊದಲ್ಲಿ. ಎಲ್. ಎಲ್. ಥರ್ಸ್ಟನ್ ಮತ್ತು ಥೆಲ್ಮಾ ಥರ್ಸ್ಟನ್ ದಂಪತಿ 1941ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದೂ ಒಂದು ಪರೀಕ್ಷೆ. 1963ರಲ್ಲಿ ಹರ್ಬರ್ಟ್ ಸೈಮನ್ ಮತ್ತು ಕೆನೆತ್ ಕೊಟೊವ್ಸ್ಕಿ ಅದೇ ಬಗೆಯ ಸರಣಿಗಳನ್ನು ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಅದಕ್ಕೆ ಬೇಕಾಗಿದ್ದು ಬಹಳ ಕಡಿಮೆ: ‘ಅದೇ ಅಕ್ಷರ’, ‘ಮುಂದಿನ ಅಕ್ಷರ’ ಎಂಬಂಥ ಕೆಲವೇ ಸಂಬಂಧಗಳು, ಜೊತೆಗೆ ನೆನಪಿನಲ್ಲಿಟ್ಟ ಅಕ್ಷರಮಾಲೆ. ಒಂದೇ ಜಾಗವನ್ನು ನೆನಪಿಡಬೇಕಾದ ಸರಣಿಗಿಂತ ಏಕಕಾಲಕ್ಕೆ ಎರಡು ಜಾಗಗಳನ್ನು ನೆನಪಿಡಬೇಕಾದ ಸರಣಿ ಜನರಿಗೆ ಹೆಚ್ಚು ಕಷ್ಟ ಎಂದೂ ಅವರು ತೋರಿಸಿದರು. ಅಂದರೆ ಭಾರವೆಲ್ಲ ನೆನಪಿನ ಮೇಲೆ. ಪ್ರೋಗ್ರಾಮಿಗೆ ಅಕ್ಷರಮಾಲೆಯನ್ನು ಮೊದಲೇ ಕೊಡಲಾಗಿತ್ತು. ಅಭ್ಯರ್ಥಿಗೆ ಅದನ್ನು ಯಾರು ಕೊಡಬೇಕು ಎಂಬುದು ಆ ಪ್ರಯೋಗದ ಪ್ರಶ್ನೆಯಾಗಿರಲಿಲ್ಲ.

ನಮ್ಮಲ್ಲಿ ಆ ಕೆಲಸವನ್ನು ಕೋಚಿಂಗ್ ತರಗತಿಗಳು ವಹಿಸಿಕೊಂಡವು. ‘ಇಜೋಟಿ’ ಎಂಬ ಅರ್ಥವಿಲ್ಲದ ಪದ ಊರೂರಿನ ತರಗತಿಗಳಲ್ಲಿ ಕೇಳುತ್ತದೆ. ಇ, ಜೆ, ಓ, ಟಿ, ವೈ ಅಕ್ಷರಗಳ ಸ್ಥಾನ ಕ್ರಮವಾಗಿ 5, 10, 15, 20, 25. ಈ ಐದು ಮೈಲಿಗಲ್ಲು ಗೊತ್ತಿದ್ದರೆ ಎ ಇಂದ ಎಣಿಸುತ್ತ ಬರಬೇಕಿಲ್ಲ. ಮೊದಲಿನಿಂದ ಎಣಿಸಿದ ಸ್ಥಾನವನ್ನೂ ಕೊನೆಯಿಂದ ಎಣಿಸಿದ ಸ್ಥಾನವನ್ನೂ ಕೂಡಿದರೆ ಯಾವಾಗಲೂ 27 ಎಂಬುದು ಇನ್ನೊಂದು ಉಪಾಯ. ಇವು ತರ್ಕದ ಪಾಠಗಳಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕಟ್ಟಿದ ಮಗ್ಗಿ.

ಅಕ್ಷರಕ್ಕೂ ಅಂಕಿಗೂ ಗಂಟು ಹಾಕುವುದು ನಮಗೆ ಹೊಸದೇನಲ್ಲ. ಕಟಪಯಾದಿ ಪದ್ಧತಿಯಲ್ಲಿ ಮ ಅಂದರೆ 5, ಚ ಅಂದರೆ 6. ಬಲದಿಂದ ಎಡಕ್ಕೆ ಓದಿದರೆ ಮೇಚಕಲ್ಯಾಣಿ 65ನೇ ಮೇಳಕರ್ತ. ಹಾಗೆಯೇ ಧೀರಶಂಕರಾಭರಣ 29. ಈ ಕೋಷ್ಟಕ ಗೊತ್ತಿಲ್ಲದವರನ್ನು ದಡ್ಡರೆಂದು ಯಾರೂ ಕರೆಯಲಿಲ್ಲ. ಕಲಿತಿಲ್ಲ ಎಂದರು, ಅಷ್ಟೇ.

ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ಘೋಷಣೆ 2019ರಲ್ಲಿ ಬಂತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೆ 2024ರಿಂದ ಅದೇ ಸೌಲಭ್ಯ. ದೊಡ್ಡ ಹೆಜ್ಜೆಯೇ. ಆದರೆ ಅಕ್ಷರ ಸರಣಿಯನ್ನು ಕನ್ನಡಿಸುವಾಗ ಅನುವಾದವಾಗುವುದು ಸುತ್ತಲಿನ ವಾಕ್ಯ ಮಾತ್ರ. ಒಳಗಿನ ಎ, ಬಿ, ಸಿ ಹಾಗೇ ಉಳಿಯುತ್ತವೆ.

ಅವುಗಳನ್ನು ಬದಲಿಸಿದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಕ, ಛ, ಡ, ಧ: ಮುಂದೇನು? ವರ್ಗಾಕ್ಷರಗಳ ಕ್ರಮದಲ್ಲಿ ಇವು 1, 7, 13, 19. ಉತ್ತರ 25ನೆಯದಾದ ಮ. ಆದರೆ ಎಣಿಸಬೇಕೆಂದೇ ಇಲ್ಲ. ಐದು ಸಾಲು, ಐದು ಕಂಬಗಳ ಕೋಷ್ಟಕದಲ್ಲಿ ಇದು ಮೂಲೆಯಿಂದ ಮೂಲೆಗೆ ಎಳೆದ ಗೆರೆ. ಸಾಲಿಳಿದಂತೆ ಉಚ್ಚಾರಣೆ ಗಂಟಲ ಬಳಿಯಿಂದ ತುಟಿಗೆ ಬರುತ್ತದೆ. ನಮ್ಮ ವರ್ಣಮಾಲೆಯ ಕ್ರಮಕ್ಕೆ ಕಾರಣವಿದೆ. ಎ ಆದ ಮೇಲೆ ಬಿ ಬರುವುದಕ್ಕೆ ಅಂಥ ಕಾರಣ ಕಾಣುವುದಿಲ್ಲ. ಹಾಗೆಂದು ಕನ್ನಡ ಸರಣಿ ನಿಷ್ಪಕ್ಷಪಾತಿಯೇನಲ್ಲ. ಮುಂಬೈಯಲ್ಲೋ ದೆಹಲಿಯಲ್ಲೋ ಇಂಗ್ಲಿಷ್ ಶಾಲೆಗೆ ಹೋದ ಕನ್ನಡದ ಮಗು ಛ ಎಲ್ಲಿದೆ ಎಂದು ತಡಕಾಡಿದರೆ ಅದರ ತರ್ಕಕ್ಕೆ ಕುಂದು ಬಂತೆಂದು ಯಾರೂ ಹೇಳಲಾರರು. ಇಂಗ್ಲಿಷ್ ಅಕ್ಷರಗಳ ಮುಂದೆ ತಡಕಾಡುವ ಹಳ್ಳಿಯ ಅಭ್ಯರ್ಥಿಗೂ ಇದೇ ನ್ಯಾಯ ಸಲ್ಲಬೇಕು.

ಬ್ರಿಟನ್ನಿನಲ್ಲಿ ಹತ್ತು–ಹನ್ನೊಂದರ ಮಕ್ಕಳಿಗೆ ನಡೆಯುವ ‘ಇಲೆವೆನ್ ಪ್ಲಸ್’ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗಳ ಮೇಲೆ ಎ ಇಂದ ಝಡ್‌ವರೆಗಿನ ಅಕ್ಷರಗಳನ್ನು ಅಚ್ಚು ಹಾಕಿಕೊಡುವ ರೂಢಿಯಿದೆ. ಇಂಗ್ಲಿಷನ್ನೇ ಆಡಿ ಬೆಳೆಯುವ ಮಕ್ಕಳಿಗೆ ಕೂಡ! ಅಕ್ಷರಮಾಲೆ ಬರುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆಯಲ್ಲ. ನಿಯಮ ಕಾಣುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಕನ್ನಡದ ಅಭ್ಯರ್ಥಿ ಮಾತ್ರ ಗಡಿಯಾರ ಓಡುತ್ತಿರುವಾಗಲೇ ಆ 26 ಅಕ್ಷರಗಳನ್ನೂ ಅವುಗಳ ಸ್ಥಾನವನ್ನೂ ರಫ್ ಹಾಳೆಯಲ್ಲಿ ತಾನೇ ಬರೆದುಕೊಳ್ಳಬೇಕಾಗುತ್ತದೆ. ಪರದೆಯ ಮೇಲೆ ಒಂದು ಸಾಲು ಹೆಚ್ಚು ಮೂಡಿಸಿದರೆ ಉಳಿಯುವುದು ತರ್ಕವೊಂದೇ.