ಕೋಲಾರದ ಎಲೆಮೂಗಿನ ಬಾವಲಿ: ನೆಲೆ, ಸ್ವಭಾವ ಮತ್ತು ಸಂರಕ್ಷಣೆ

ಜಗತ್ತಿನ ಬೇರೆಲ್ಲೂ ಕಾಣದ ಒಂದು ಪುಟ್ಟ ಕೀಟಾಹಾರಿ ಬಾವಲಿ ನಮ್ಮ ಕೋಲಾರ ಜಿಲ್ಲೆಯಲ್ಲಿದೆ. 1994ರಲ್ಲಿ ಪ್ರತ್ಯೇಕ ಪ್ರಭೇದವೆಂದು ವಿವರಿಸಲಾದ ಇದರ ವೈಜ್ಞಾನಿಕ ಹೆಸರು ಹಿಪ್ಪೊಸಿಡೆರಸ್ ಹೈಪೊಫಿಲಸ್.

ನೆಲೆ
ಹಿಂದೆ ತೇರಹಳ್ಳಿಯಲ್ಲಿಯೂ ಇದ್ದ ಈ ಬಾವಲಿ ಈಗ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಕಲ್ಲುಗುಹೆಯಲ್ಲಿ ಮಾತ್ರ ಉಳಿದಿದೆ. ಅಂದಾಜು ಸಂಖ್ಯೆ 200ಕ್ಕಿಂತ ಕಡಿಮೆ. ಗ್ರಾನೈಟ್ ಗಣಿಗಾರಿಕೆಯೇ ಇದಕ್ಕೆ ಒದಗಿದ ದೊಡ್ಡ ಕುತ್ತು. ಗುಹೆಯ ಸುತ್ತಲಿನ 30 ಎಕರೆ ಪ್ರದೇಶವನ್ನು ರಾಜ್ಯ ಸರ್ಕಾರವು ಸಂರಕ್ಷಣೆಗಾಗಿ ಅಧಿಸೂಚಿಸಿದೆ.

ಸ್ವಭಾವ
ಹಗಲು ಗುಹೆಯಲ್ಲಿ ತಂಗಿ, ಮುಸ್ಸಂಜೆಗೆ ಬೇಟೆಗೆ ಹೊರಡುತ್ತದೆ. ಮನುಷ್ಯರ ಕಿವಿಗೆ ಕೇಳಿಸದ ಸದ್ದನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಕೀಟವಿರುವ ಸ್ಥಳವನ್ನು ಅರಿಯುತ್ತದೆ. ಮೂಗಿನ ಮೇಲಿನ ಎಲೆಯಾಕಾರದ ಚರ್ಮವು ಈ ಸದ್ದನ್ನು ಒಂದೆಡೆಗೆ ಹಾಯಿಸಲು ನೆರವಾಗುತ್ತದೆ. ಎಲೆಮೂಗಿನ ಬಾವಲಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ, ಕುಸಿದ ಸಂಖ್ಯೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ರೈತರಿಗೆ ಪ್ರಯೋಜನ
ಮಾವು, ಸೀಬೆ ಹಣ್ಣುಗಳನ್ನು ತಿನ್ನುವ ದೊಡ್ಡ ಬಾವಲಿಗಳೇ ಬೇರೆ, ಇವೇ ಬೇರೆ. ಕೀಟಾಹಾರಿ ಬಾವಲಿಗಳು ಹಣ್ಣನ್ನು ಮುಟ್ಟುವುದಿಲ್ಲ; ರಾತ್ರಿ ಹಾರುವ ಪತಂಗ, ದುಂಬಿ ಮೊದಲಾದವುಗಳನ್ನು ತಿನ್ನುತ್ತವೆ. ಟೊಮೆಟೊ ಕಾಯಿಕೊರಕದ ಪತಂಗವೂ ರಾತ್ರಿಯಲ್ಲಿಯೇ ಹಾರಾಡಿ ಮೊಟ್ಟೆಯಿಡುತ್ತದೆ ಎಂಬುದನ್ನು ಗಮನಿಸಿ. ಬಾವಲಿಗಳು ಸಸ್ಯಸಂರಕ್ಷಣಾ ಕ್ರಮಗಳಿಗೆ ಬದಲಿಯಲ್ಲ; ಆದರೆ ಖರ್ಚಿಲ್ಲದ ಸಹಾಯಕರು.

ಅನುಸರಿಸಬೇಕಾದ ಕ್ರಮಗಳು
• ಬಾವಲಿಗಳಿರುವ ಗುಹೆ, ಬಂಡೆಸಂದುಗಳಲ್ಲಿ ಹೊಗೆ ಹಾಕಬೇಡಿ, ಬೆಂಕಿ ಹಚ್ಚಬೇಡಿ, ಪಟಾಕಿ ಸಿಡಿಸಬೇಡಿ.
• ಗೊಬ್ಬರಕ್ಕಾಗಿ ಹಿಕ್ಕೆ ಸಂಗ್ರಹಿಸಲು ಗುಹೆಯೊಳಗೆ ಹೋಗಬೇಡಿ. ಬೆದರಿದ ತಾಯಿಯಿಂದ ಮರಿ ಕೆಳಗೆ ಬಿದ್ದು ಸಾಯಬಹುದು.
• ಶಿಫಾರಸು ಮಾಡಿದ ಕೀಟನಾಶಕವನ್ನು, ಶಿಫಾರಸು ಮಾಡಿದ ಪ್ರಮಾಣದಲ್ಲಿ, ಅಗತ್ಯವಿದ್ದಾಗ ಮಾತ್ರ ಸಿಂಪಡಿಸಿ.
• ಬೆಟ್ಟದ ತಪ್ಪಲಿನ ಪೊದೆ, ಮರಗಳನ್ನು ಉಳಿಸಿ. ಬಾವಲಿಗಳ ಆಹಾರವಾದ ಕೀಟಗಳು ಅಲ್ಲಿ ಬೆಳೆಯುತ್ತವೆ.
• ಬಾವಲಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ ಗಾಯವನ್ನು ಸಾಬೂನು, ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಿ.
• ಗುಹೆಯ ಬಳಿ ಕಲ್ಲು ಒಡೆಯುವುದು, ಸಿಡಿಮದ್ದು ಇಡುವುದು ಕಂಡುಬಂದರೆ ಅರಣ್ಯ ಇಲಾಖೆಗೆ ತಿಳಿಸಿ.

ವಿಸ್ತರಣಾ ಕಾರ್ಯಕರ್ತರಿಗೆ
ಗ್ರಾಮಸಭೆ ಮತ್ತು ರೈತರ ತರಬೇತಿಗಳಲ್ಲಿ ಹಣ್ಣು ತಿನ್ನುವ ಹಾಗೂ ಕೀಟ ತಿನ್ನುವ ಬಾವಲಿಗಳ ವ್ಯತ್ಯಾಸವನ್ನು ತಿಳಿಸಿಕೊಡಿ. ವಕ್ಕಲೇರಿಯಿಂದ ಮುಳಬಾಗಿಲಿನವರೆಗೆ ಜಿಲ್ಲೆಯ ಯಾವುದೇ ಕಲ್ಲುಬೆಟ್ಟದಲ್ಲಿ ಬಾವಲಿಗಳ ತಂಗುದಾಣ ಕಂಡರೆ ಒಳಗೆ ಪ್ರವೇಶಿಸದೆ, ಸ್ಥಳವನ್ನು ಗುರುತಿಸಿ ಅರಣ್ಯ ಇಲಾಖೆಗೆ ವರದಿ ಮಾಡಿ. ಹನುಮನಹಳ್ಳಿಯ ಗುಹೆ ನಾಶವಾದರೆ ಈ ಪ್ರಭೇದಕ್ಕೆ ತಿಳಿದಿರುವ ಬೇರೊಂದು ನೆಲೆಯಿಲ್ಲ.